ಜಟೆಯೊಳಗೆ ಕೂತ ಸೋಪು: ತೆಗೆದದ್ದು, ಬದಲಿಸಿದ್ದು, ಕೊನೆಗೆ ನಾನೇ ಮಾಡಿದ್ದು

ಒಂದು ಜಟೆಯನ್ನು ಕತ್ತರಿಸಿ ನೋಡಿದ ಮೇಲೇ ನನಗೆ ವಿಷಯ ಗೊತ್ತಾಗಿದ್ದು. ಬಲಗಿವಿಯ ಹಿಂದಿನದು, ಹೆಬ್ಬೆರಳು ದಪ್ಪ, ಉಳಿದವಕ್ಕಿಂತ ಭಾರ. ತುದಿಯಿಂದ ನಾಲ್ಕು ಇಂಚು ಕತ್ತರಿಸಿದೆ, ಅದನ್ನು ಎರಡು ತುಂಡು ಮಾಡಿದೆ, ಒಂದು ತುಂಡನ್ನು ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿದೆ. ನಟ್ಟನಡುವೆ ಬೂದು ಬಣ್ಣದ ಒಂದು ಎಳೆ. ಉಗುರಿನಲ್ಲಿ ಕೆರೆದರೆ ಮೇಣದ ಹಾಗೆ ಉಂಡೆಯಾಗಿ ಬರ್ತಿತ್ತು. ಮೂರು ವರ್ಷ ಹತ್ತು ದಿನಕ್ಕೊಮ್ಮೆ ತಪ್ಪದೆ ತಲೆ ತೊಳೆದಿದ್ದೇನೆ, ಅದೂ ‘ನೈಸರ್ಗಿಕ’ ಅಂತ ಬರೆದಿರುವ ಸೋಪಿನಲ್ಲೇ. ಅಕ್ಕ ಮಾತ್ರ ಆರು ತಿಂಗಳಿಂದ ಒಂದೇ ಮಾತು ಹೇಳ್ತಿದ್ದಳು: "ನಿನ್ನ ತಲೆ ಒದ್ದೆ ಗೋಣಿಚೀಲದ ವಾಸನೆ ಬರುತ್ತೆ ಕಣೋ." ನಾನು ನಂಬಿರಲಿಲ್ಲ. ಸೀಳಿದ ತುಂಡನ್ನು ಮೂಸಿ ನೋಡಿದೆ. ಅವಳು ಸ್ವಲ್ಪ ಕಮ್ಮಿ ಮಾಡಿಯೇ ಹೇಳಿದ್ದಳು.

ಇನ್ನರ್ಧ ತುಂಡನ್ನು ಬಿಸಾಡಲಿಲ್ಲ. ಮುಂದಿನ ಎಲ್ಲಾ ಪ್ರಯೋಗಕ್ಕೂ ಅದೇ ಬಲಿಪಶು.

ಮೊದಲ ವಾರ: ಅದು ಏನು ಅಂತ ಪತ್ತೆ ಹಚ್ಚಿದ್ದು

ಜಟೆಯೊಳಗೆ ಸೇರಿಕೊಳ್ಳುವ ವಸ್ತುಗಳು ಒಂದೆರಡಲ್ಲ. ಬಟ್ಟೆಯ ನೂಲಿನ ಚೂರು, ನೆತ್ತಿಯ ಎಣ್ಣೆ, ಬೂಷ್ಟು, ಮೇಣ, ಸೋಪಿನ ಜಿಡ್ಡು. ಏನು ಅಂತ ಗೊತ್ತಾಗದೆ ತೊಳೆಯೋಕೆ ಹೋದರೆ ಸುಮ್ನೆ ಶ್ರಮ. ಕೆರೆದು ತೆಗೆದ ಉಂಡೆಯನ್ನು ಮೂರು ಚೂರು ಮಾಡಿ ಮೂರು ಲೋಟಕ್ಕೆ ಹಾಕಿದೆ. ಒಂದರಲ್ಲಿ ಉಗುರುಬೆಚ್ಚಗಿನ ಡಿಸ್ಟಿಲ್ಡ್ ವಾಟರ್, ಬ್ಯಾಟರಿಗೆ ಹಾಕ್ತಾರಲ್ಲ, ಅದೇ. ಇನ್ನೊಂದರಲ್ಲಿ ಚೆನ್ನಾಗಿ ಬಿಸಿಯಾದ ನೀರು. ಮೂರನೆಯದರಲ್ಲಿ ಬಿಸಿ ಮಾಡಿದ ವಿನೆಗರ್.

ಬೆಚ್ಚಗಿನ ನೀರಿನಲ್ಲಿ ಏನೂ ಆಗಲಿಲ್ಲ. ಅಂದರೆ ಅದು ಕರಗದೆ ಉಳಿದ ಮಾಮೂಲಿ ಸೋಪಲ್ಲ. ಬಿಸಿ ನೀರಿನಲ್ಲಿ ಸ್ವಲ್ಪ ಮೆತ್ತಗಾಯ್ತು, ಆದರೆ ಕರಗಿ ಮೇಲೆ ತೇಲಲಿಲ್ಲ. ಜೇನುಮೇಣವಾಗಿದ್ದರೆ 62–64 ಡಿಗ್ರಿಗೆಲ್ಲ ಕರಗಿ ತೇಲುತ್ತಿತ್ತು. ವಿನೆಗರ್ ಹಾಕಿದ ಲೋಟದಲ್ಲಿ ಅರ್ಧ ಗಂಟೆಯಲ್ಲಿ ಉಂಡೆ ಒಡೆದು ಮೇಲ್ಗಡೆ ಎಣ್ಣೆಯ ಕಣಗಳು ತೇಲಿದವು. ಅಲ್ಲಿಗೆ ಕಳ್ಳ ಸಿಕ್ಕಿಬಿದ್ದ ಹಾಗಾಯ್ತು.

ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಇರುತ್ತವೆ. ಸೋಪು ಅಂದರೆ ಕೊಬ್ಬಿನಾಮ್ಲದ ಸೋಡಿಯಂ ಉಪ್ಪು. ಎರಡೂ ಸೇರಿದ ಕ್ಷಣ ಸೋಡಿಯಂ ಜಾಗಕ್ಕೆ ಕ್ಯಾಲ್ಸಿಯಂ ಬಂದು ಕೂತುಬಿಡುತ್ತೆ, ಹಾಗಾದ ಸೋಪು ನೀರಿನಲ್ಲಿ ಕರಗೋದೇ ಇಲ್ಲ. ಬಚ್ಚಲಿನ ಬಕೆಟ್ ಅಂಚಿಗೆ ಬೆಳ್ಳಗೆ ಅಂಟಿಕೊಂಡಿರುತ್ತಲ್ವಾ, ಅದೇ ಇದು. ಬಿಡಿ ಕೂದಲಾದರೆ ಬಾಚಣಿಗೆಯಲ್ಲೋ ಕೈಯಲ್ಲೋ ಒಂದಿಷ್ಟು ಉದುರಿ ಹೋಗುತ್ತೆ. ಜಟೆಯಲ್ಲಿ ಹೋಗೋಕೆ ದಾರಿಯೇ ಇಲ್ಲ, ಅದು ಸೋಸುವ ಬಟ್ಟೆಯ ಹಾಗೆ ಕೆಲಸ ಮಾಡುತ್ತೆ, ನೀರನ್ನು ಬಿಟ್ಟು ಜಿಡ್ಡನ್ನು ಹಿಡಿದಿಟ್ಟುಕೊಳ್ಳುತ್ತೆ. ಆ ಜಿಡ್ಡು ಒದ್ದೆಯನ್ನು ಹಿಡಿದಿಡುತ್ತೆ, ಒದ್ದೆಯಲ್ಲಿ ಬೂಷ್ಟು ಬರುತ್ತೆ, ಆಮೇಲೆ ಗೋಣಿಚೀಲ.

ಮನೆಯ ನೀರನ್ನು ಪರೀಕ್ಷೆ ಪಟ್ಟಿಯಲ್ಲಿ ನೋಡಿದೆ. ಲೀಟರಿಗೆ ಸುಮಾರು 250 ಮಿಲಿಗ್ರಾಂ ತೋರಿಸಿತು. 180 ದಾಟಿದರೇ ತುಂಬಾ ಗಡಸು ಅನ್ನೋ ಲೆಕ್ಕ. ಪಟ್ಟಿ ಇಲ್ಲದಿದ್ದರೂ ತೊಂದರೆ ಇಲ್ಲ. ಎರಡು ಬಾಟಲಿ ತಗೊಳ್ಳಿ, ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಡಿಸ್ಟಿಲ್ಡ್ ವಾಟರ್, ಎರಡಕ್ಕೂ ಒಂದೇ ಅಳತೆಯ ಸೋಪಿನ ತುರಿ ಹಾಕಿ ಜೋರಾಗಿ ಅಲುಗಿಸಿ. ಒಂದರಲ್ಲಿ ಕತ್ತಿನವರೆಗೆ ನೊರೆ ನಿಂತು, ಇನ್ನೊಂದರಲ್ಲಿ ನೊರೆ ಕೂತು ನೀರು ಮಜ್ಜಿಗೆಯ ಹಾಗಾದರೆ, ನಿಮ್ಮ ನೀರಿಗೂ ಇದೇ ಕಾಯಿಲೆ. ಕುದಿಸಿದರೆ ಗಡಸುತನ ಸ್ವಲ್ಪ ಇಳಿಯಬಹುದು, ಆದರೆ ಪೂರ್ತಿ ಹೋಗಲ್ಲ.

ಹಳೆ ಸೋಪಿನ ಹಣೆಬರಹ

ನೀರಿನ ಮೇಲೆ ತಪ್ಪು ಹೊರಿಸಿ ಸುಮ್ಮನಾಗಬಹುದಿತ್ತು. ಆದರೆ ಸೋಪಿನ ಹೊದಿಕೆಯನ್ನು ಮೂರು ವರ್ಷದಲ್ಲಿ ಮೊದಲ ಸಲ ಪೂರ್ತಿ ಓದಿದೆ, ನಗು ಬಂತು. ಶಿಯಾ ಬೆಣ್ಣೆ, ಕೋಕೋ ಬೆಣ್ಣೆ, ಜೇನುಮೇಣ, ಜೊತೆಗೆ ‘ಹೆಚ್ಚುವರಿ ತೇವಾಂಶ’ ಅನ್ನೋ ಭರವಸೆ. ಒಣಚರ್ಮದ ಮೈಗೆ ಅದು ಒಳ್ಳೆ ಸೋಪೇ, ನಾನು ಬೈಯಲ್ಲ. ಜಟೆಗೆ ಮಾತ್ರ ಇದಕ್ಕಿಂತ ಕೆಟ್ಟದ್ದನ್ನು ಬೇಕೆಂದೇ ಹುಡುಕಿದರೂ ಸಿಗಲ್ಲ.

ಇಲ್ಲಿ ಸೂಪರ್‌ಫ್ಯಾಟ್ ಅನ್ನೋ ಮಾತು ಅರ್ಥವಾದರೆ ಅರ್ಧ ಕೆಲಸ ಮುಗೀತು. ಎಣ್ಣೆಗೆ ಕಾಸ್ಟಿಕ್ ಸೋಡಾ ಸೇರಿದರೆ ಸೋಪು ಮತ್ತು ಗ್ಲಿಸರಿನ್ ಆಗುತ್ತೆ. ಮೈಸೋಪು ಮಾಡುವವರು ಬೇಕೆಂದೇ ಕಾಸ್ಟಿಕ್ಕನ್ನು ಸ್ವಲ್ಪ ಕಮ್ಮಿ ಹಾಕ್ತಾರೆ, ಸಾಮಾನ್ಯವಾಗಿ 5ರಿಂದ 8 ಶೇಕಡಾ ಎಣ್ಣೆ ಸೋಪಾಗದೆ ಹಾಗೇ ಉಳಿಯಲಿ, ಚರ್ಮ ಬಿರಿಯದಿರಲಿ ಅಂತ. ಆ ಉಳಿದ ಎಣ್ಣೆಯೇ ಸೂಪರ್‌ಫ್ಯಾಟ್, ಅದು ಚರ್ಮದ ಮೇಲೆ ನವಿರಾಗಿ ಕೂರುತ್ತೆ. ಜಟೆಯಲ್ಲಿ ಅದು ಕೂರೋದು ಒಳಗೆ, ಅಲ್ಲಿಂದ ಎದ್ದು ಬರಲ್ಲ. ಪ್ರತಿ ಸಲ ತೊಳೆಯುವಾಗಲೂ ನಾನು ಒಂದಿಷ್ಟು ಹೊಸ ಎಣ್ಣೆಯನ್ನು ಒಳಗೆ ತುಂಬುತ್ತಾ ಇದ್ದೆ.

‘ನೈಸರ್ಗಿಕ’ ಅನ್ನೋ ಪದಕ್ಕೆ ಇಲ್ಲಿ ಬೆಲೆ ಇಲ್ಲ. ಜೇನುಮೇಣಕ್ಕಿಂತ ನೈಸರ್ಗಿಕವಾದದ್ದು ಯಾವುದಿದೆ, ಆದರೂ ಜಟೆಗೆ ಹಚ್ಚಿದರೆ ಅದು ಬಿಡುವ ನೆಂಟನಲ್ಲ. ಈಗ ನಾನು ನೋಡೋದು ಇಷ್ಟೇ: ಹೊದಿಕೆಯ ಮೇಲಿನ ಪದಾರ್ಥಗಳ ಪಟ್ಟಿ ಚಿಕ್ಕದಿರಬೇಕು, ಸೋಡಿಯಂ ಕೋಕೋಯೇಟ್, ಸೋಡಿಯಂ ಓಲಿವೇಟ್ ಇಂಥವು ಮೊದಲು ಬರಬೇಕು (ತೆಂಗಿನೆಣ್ಣೆ, ಆಲಿವ್ ಎಣ್ಣೆಯ ಸೋಪು ಅಂತ ಅರ್ಥ), ಬೆಣ್ಣೆ, ಮೇಣ, ಲ್ಯಾನೋಲಿನ್, ಪೆಟ್ರೋಲೇಟಂ ಇರಬಾರದು, ‘ಕೋನ್’ ಅಂತ ಮುಗಿಯುವ ಸಿಲಿಕೋನ್ ಹೆಸರುಗಳೂ ಇರಬಾರದು. ಸೋಡಿಯಂ ಸಿಟ್ರೇಟ್ ಇದ್ದರೆ ಖುಷಿ, ಯಾಕೆ ಅಂತ ಮುಂದೆ ಹೇಳ್ತೀನಿ.

ಒಂದು ನಿಜ ಇಲ್ಲೇ ಒಪ್ಪಿಕೊಳ್ಳಬೇಕು. ನೀರು ಗಡಸಾಗಿದ್ದರೆ, ಕಂಡಿಷನರ್ ಬೆರೆಸದ ಸಾದಾ ಶಾಂಪೂ ಸೋಪಿಗಿಂತ ಸ್ವಚ್ಛವಾಗಿ ಬಿಟ್ಟುಹೋಗುತ್ತೆ. ಅದರ ಡಿಟರ್ಜೆಂಟ್ ಕ್ಯಾಲ್ಸಿಯಂ ಜೊತೆ ಹೀಗೆ ಗಂಟು ಹಾಕಿಕೊಳ್ಳಲ್ಲ. ನನಗೆ ಸೋಪೇ ಬೇಕಿತ್ತು, ಸ್ವಲ್ಪ ಹಠ, ಸ್ವಲ್ಪ ಕೈ ತುರಿಕೆ. ನಿಮಗೆ ಹಠ ಇಲ್ಲದಿದ್ದರೆ ಶಾಂಪೂ ತಗೊಂಡು ಮುಂದಿನದನ್ನು ಸುಮ್ನೆ ತಮಾಷೆಗೆ ಓದಿ.

ಮೊದಲು ಒಳಗಿನದ್ದನ್ನು ತೆಗೆಯಬೇಕಲ್ಲ

ಎಲ್ಲರೂ ಹೇಳೋ ವಿಧಾನ ಒಂದೇ. ಅಡುಗೆ ಸೋಡಾ ನೀರಿನಲ್ಲಿ ನೆನೆಸಿ, ಆಮೇಲೆ ವಿನೆಗರ್ ಸುರಿಯಿರಿ, ಬುರುಬುರು ನೊರೆ ಬಂದು ಕೊಳೆಯೆಲ್ಲ ಹೊರಗೆ ಬರುತ್ತೆ. ನೊರೆ ಬರೋದು ನಿಜ. ಆದರೆ ಅದು ಸೋಡಾ ಮತ್ತು ಆಮ್ಲ ಒಂದನ್ನೊಂದು ತಿಂದುಹಾಕುವ ಸದ್ದು. ಕೊನೆಗೆ ಉಳಿಯೋದು ಒಂಥರಾ ಉಪ್ಪುನೀರು. ನೋಡೋಕೆ ಚೆನ್ನಾಗಿರುತ್ತೆ ಅಷ್ಟೆ.

ಪರೀಕ್ಷೆಯ ತುಂಡಿನ ಮೇಲೆ ಮೊದಲು ಸೋಡಾ ಒಂದನ್ನೇ ಪ್ರಯತ್ನಿಸಿದೆ. ನೀರು ಮಣ್ಣಿನ ಬಣ್ಣಕ್ಕೆ ತಿರುಗಿತು, ಧೂಳು ಮತ್ತು ನೆತ್ತಿಯ ಎಣ್ಣೆ ಬಿಟ್ಟಿತು. ಒಣಗಿಸಿ ತೂಗಿದರೆ, ಚಿನ್ನ ತೂಗುವಂಥ ಸಣ್ಣ ತಕ್ಕಡಿ ನನ್ನ ಹತ್ತಿರ ಇದೆ, 3.4 ಗ್ರಾಂ ಇದ್ದದ್ದು 3.2ಕ್ಕೆ ಇಳಿದಿತ್ತು. ಒಳಗಿನ ಬೂದು ಎಳೆ ಇದ್ದಲ್ಲೇ ಇತ್ತು.

ಲೋಟದ ಪ್ರಯೋಗ ಆಗ ನೆನಪಾಯ್ತು. ಆ ಜಿಡ್ಡನ್ನು ಒಡೆದದ್ದು ವಿನೆಗರ್ ತಾನೇ? ಹಾಗಾದರೆ ಕ್ರಮವನ್ನೇ ತಿರುಗಿಸಬೇಕು. ಮೊದಲು ಆಮ್ಲ, ಅದು ಕ್ಯಾಲ್ಸಿಯಮ್ಮನ್ನು ಬಿಡಿಸಿ ಜಿಡ್ಡನ್ನು ಕೊಬ್ಬಿನಾಮ್ಲ ಮಾಡುತ್ತೆ. ಆದರೆ ಕೊಬ್ಬಿನಾಮ್ಲವೂ ಜಿಡ್ಡೇ, ನೀರಿನಲ್ಲಿ ತಾನಾಗಿ ಹೋಗಲ್ಲ. ಅದನ್ನು ಹೊತ್ತುಕೊಂಡು ಹೋಗೋಕೆ ತಕ್ಷಣ ಗಡಸಿಲ್ಲದ ನೀರಿನಲ್ಲಿ ಬೆಚ್ಚಗಿನ ಸೋಪು ಬೇಕು. ಗಡಸು ನೀರು ಹಾಕಿದರೆ ಮತ್ತೆ ಅದೇ ಕಥೆ.

ತುಂಡನ್ನು 5 ಶೇಕಡಾ ವಿನೆಗರ್‌ಗೆ ಸಮಸಮ ನೀರು ಬೆರೆಸಿ ಇಪ್ಪತ್ತು ನಿಮಿಷ ನೆನೆಸಿದೆ, ಆಮ್ಲ ಪೂರ್ತಿ ಹೋಗುವ ತನಕ ತೊಳೆದೆ, ಬೆಚ್ಚಗಿನ ಡಿಸ್ಟಿಲ್ಡ್ ವಾಟರಿನಲ್ಲಿ ಕರಗಿಸಿದ ಸೋಪಿನಲ್ಲಿ ಹಿಂಡಿದೆ. ನೀರು ಹಾಲಿನ ಹಾಗಾಯ್ತು. ಇದನ್ನೇ ಮೂರು ಸಲ ಮಾಡಿ ಒಣಗಿಸಿದ ಮೇಲೆ 2.7 ಗ್ರಾಂ. ಅಂದರೆ ನಾನು ಹೊತ್ತು ತಿರುಗ್ತಿದ್ದ ತೂಕದಲ್ಲಿ ಐದರಲ್ಲೊಂದು ಪಾಲು ಕೂದಲೇ ಅಲ್ಲ!

ತಲೆಗೆ ಅಷ್ಟು ಗಟ್ಟಿ ವಿನೆಗರ್ ಹಾಕಲಿಲ್ಲ, ನೆತ್ತಿ ಉರಿಯುತ್ತೆ. ಒಂದು ಪಾಲು ವಿನೆಗರ್‌ಗೆ ನಾಲ್ಕು ಪಾಲು ಬೆಚ್ಚಗಿನ ನೀರು, ಜಟೆಗಳನ್ನು ಮಾತ್ರ ಬಕೆಟ್ಟಿಗೆ ಇಳಿಬಿಟ್ಟು ಬಗ್ಗಿ ಕೂತೆ, ನೆತ್ತಿ ಮುಳುಗದ ಹಾಗೆ. ಹದಿನೈದು ನಿಮಿಷ. ಕತ್ತು ಹಿಡ್ಕೊಂಡಿತು. ಆಮೇಲೆ ಹಿಡಿದಿಟ್ಟ ಮಳೆನೀರನ್ನು ಬೆಚ್ಚಗೆ ಮಾಡಿ, ಅದರಲ್ಲಿ ಸೋಪು ಹಾಕಿ ಹಿಂಡಿದೆ. ಎರಡು ವಾರದ ಅಂತರದಲ್ಲಿ ಮೂರು ಸಲ ಇದೇ ಮೆರವಣಿಗೆ. ವಾಸನೆ ಎರಡನೇ ಸಲಕ್ಕೇ ಹೋಯ್ತು. ನೆತ್ತಿಯಲ್ಲಿ ಗಾಯ, ಬಿರುಕು ಇದ್ದರೆ ಇದಕ್ಕೆ ಕೈ ಹಾಕಬೇಡಿ, ಬಣ್ಣ ಹಾಕಿದ ಕೂದಲಾದರೆ ಒಂದು ಜಟೆಯಲ್ಲಿ ಮೊದಲು ನೋಡಿ.

ಸೋಪು, ಮೊದಲ ಸಲ: ಹಾಳು

ತೊಳೆಯುವ ಕೆಲಸದ ನಡುವೆಯೇ ನನ್ನದೇ ಸೋಪು ಮಾಡೋಣ ಅನ್ನಿಸಿತು. ಲೆಕ್ಕ ಸರಳ ಅಂದುಕೊಂಡೆ: ಎಣ್ಣೆ ಉಳಿಯಬಾರದು, ಹಾಗಾಗಿ ಸೂಪರ್‌ಫ್ಯಾಟ್ ಸೊನ್ನೆ. ಚೆನ್ನಾಗಿ ತೊಳೆಯಬೇಕು, ಹಾಗಾಗಿ ತೆಂಗಿನೆಣ್ಣೆ ಜಾಸ್ತಿ. ತೆಂಗಿನೆಣ್ಣೆಯ ಸೋಪು ಉಪ್ಪುನೀರಿನಲ್ಲೂ ನೊರೆ ಕೊಡುತ್ತೆ, ಹಡಗಿನವರು ಬಳಸ್ತಿದ್ದದ್ದು ಅದನ್ನೇ. 400 ಗ್ರಾಂ ತೆಂಗಿನೆಣ್ಣೆ, 100 ಗ್ರಾಂ ಹರಳೆಣ್ಣೆ, 86 ಗ್ರಾಂ ಕಾಸ್ಟಿಕ್ ಸೋಡಾ.

ಸೋಪು ಕಲ್ಲಿನ ಹಾಗೆ ಗಟ್ಟಿ, ಹಾಲಿನ ಹಾಗೆ ಬಿಳಿ, ನೊರೆ ನೋಡಿದರೆ ಹಬ್ಬ. ಎರಡು ಸಲ ತಲೆಗೆ ಹಾಕಿದೆ. ನೆತ್ತಿ ತಮಟೆಯ ಚರ್ಮದ ಹಾಗೆ ಬಿಗಿಯಾಯ್ತು, ಮೂರನೇ ದಿನ ಹೊಟ್ಟು ಉದುರಿತು. ಸೋಪಿನ ಪಿಎಚ್ ಹೇಗೂ 9–10ರ ಹತ್ತಿರ ಇರುತ್ತೆ, ನೆತ್ತಿಯದು ಸುಮಾರು 5.5, ಅದರ ಮೇಲೆ ಇಷ್ಟು ಚುರುಕಾದ ಸೋಪು ಬೇಡವಾಗಿತ್ತು. ಇನ್ನೂ ಒಂದು ಪೆದ್ದುತನ ಇದರಲ್ಲಿದೆ. ಸೊನ್ನೆ ಅಂತ ಲೆಕ್ಕ ಹಾಕಿದರೆ ತಕ್ಕಡಿ ಒಂದೆರಡು ಗ್ರಾಂ ತಪ್ಪಿದರೂ ಕಾಸ್ಟಿಕ್ ಹಾಗೇ ಉಳಿದುಬಿಡಬಹುದು. ಆ ಸೋಪೆಲ್ಲ ಈಗ ಬಟ್ಟೆ ಒಗೆಯೋಕೆ ಹೋಗಿದೆ, ಕಾಲರಿನ ಕೊಳೆಗೆ ಅದರಂಥದ್ದು ಇನ್ನೊಂದಿಲ್ಲ.

ಎರಡನೇ ಸಲ: ಇದು ನಿಂತಿತು

ಎಣ್ಣೆ ಒಟ್ಟು 500 ಗ್ರಾಂ: ತೆಂಗಿನೆಣ್ಣೆ 200, ಆಲಿವ್ ಎಣ್ಣೆ 250, ಹರಳೆಣ್ಣೆ 50. ಕಾಸ್ಟಿಕ್ ಲೆಕ್ಕ ಹೀಗೆ: ಒಂದು ಗ್ರಾಂ ತೆಂಗಿನೆಣ್ಣೆಗೆ 0.183 ಗ್ರಾಂ, ಆಲಿವ್‌ಗೆ 0.135, ಹರಳೆಣ್ಣೆಗೆ 0.128. ಕೂಡಿದರೆ 76.75. ಅದರಲ್ಲಿ ಶೇಕಡಾ ಎರಡು ಕಳೆದೆ, ಅಂದರೆ ಸೂಪರ್‌ಫ್ಯಾಟ್ 2, ಉಳಿದದ್ದು 75.2. ಇದಕ್ಕೆ ಇನ್ನೊಂದು 6.2 ಗ್ರಾಂ ಸೇರಿಸಿ 81.4.

ಆ 6.2 ಯಾಕೆ ಅಂದರೆ, 10 ಗ್ರಾಂ ಸಿಟ್ರಿಕ್ ಆಸಿಡ್ ಹಾಕಿದ್ದೀನಿ, ಅದು ತನ್ನ ಪಾಲಿನ ಕಾಸ್ಟಿಕ್ಕನ್ನು ತಿಂದು ಸೋಡಿಯಂ ಸಿಟ್ರೇಟ್ ಆಗುತ್ತೆ. ಸಿಟ್ರೇಟ್ ಕ್ಯಾಲ್ಸಿಯಮ್ಮನ್ನು ಹಿಡಿದುಕೊಂಡು ಸೋಪಿನ ಹತ್ತಿರ ಬಿಡಲ್ಲ. ಗಡಸು ನೀರಿನವರಿಗೆ ಈ ಹತ್ತು ಗ್ರಾಂ ಯಾವ ದುಬಾರಿ ಎಣ್ಣೆಗಿಂತಲೂ ದೊಡ್ಡದು. ಲೆಕ್ಕಕ್ಕೆ ಸೇರಿಸದೆ ಸುಮ್ನೆ ಆಸಿಡ್ ಸುರಿದರೆ ಮಾತ್ರ ಕಾಸ್ಟಿಕ್ ಸಾಲದೆ ಎಣ್ಣೆ ಉಳಿದುಕೊಳ್ಳುತ್ತೆ, ಅಂದರೆ ಬಿಟ್ಟುಬಂದ ಜಾಗಕ್ಕೇ ವಾಪಸ್.

ನೀರು 165 ಗ್ರಾಂ, ಡಿಸ್ಟಿಲ್ಡ್. ಮೊದಲು ಸಿಟ್ರಿಕ್ ಆಸಿಡ್ ಕರಗಿಸಿದೆ, ಆಮೇಲೆ ಕಾಸ್ಟಿಕ್ಕನ್ನು ಚೂರುಚೂರೇ ನೀರಿಗೆ ಹಾಕಿದೆ. ಕಾಸ್ಟಿಕ್ಕನ್ನು ನೀರಿಗೆ ಹಾಕಬೇಕು, ನೀರನ್ನು ಕಾಸ್ಟಿಕ್ಕಿಗೆ ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತೆ. ಕನ್ನಡಕ, ಉದ್ದ ಗ್ಲೌಸ್, ತೆರೆದ ಕಿಟಕಿ, ಮಕ್ಕಳು ಮತ್ತು ಬೆಕ್ಕು ಬಾಗಿಲ ಆಚೆ. ಸ್ಟೀಲ್ ಪಾತ್ರೆ ಮಾತ್ರ. ಅಲ್ಯೂಮಿನಿಯಂ ಪಾತ್ರೆಯನ್ನು ಕಾಸ್ಟಿಕ್ ತಿಂದು ಹೈಡ್ರೋಜನ್ ಅನಿಲ ಹೊರಡಿಸುತ್ತೆ. ಮೋರಿ ತೊಳೆಯುವ ಪುಡಿ ತರಬೇಡಿ, ಕೆಲವಲ್ಲಿ ಬೇರೆ ಏನೇನೋ ಬೆರೆಸಿರ್ತಾರೆ, ಶುದ್ಧ ಕಾಸ್ಟಿಕ್ ಸೋಡಾ ಅಂತಲೇ ಕೇಳಿ.

ಎಣ್ಣೆ, ಕಾಸ್ಟಿಕ್ ನೀರು ಎರಡೂ 40 ಡಿಗ್ರಿ ಹತ್ತಿರ ಬಂದಾಗ ಸೇರಿಸಿ ಹ್ಯಾಂಡ್ ಬ್ಲೆಂಡರ್ ಹಾಕಿದೆ. ದೋಸೆಹಿಟ್ಟಿನ ಹದ ಬಂದಾಗ ಅಚ್ಚಿಗೆ ಸುರಿದೆ. ಮಾರನೇ ದಿನ ತೆಗೆದರೆ ಇನ್ನೂ ಮೆತ್ತಗಿತ್ತು, ಮತ್ತೊಂದು ದಿನ ಬಿಟ್ಟು ಕತ್ತರಿಸಿದೆ. ಆರು ವಾರ ಗಾಳಿಯಾಡುವ ಕಡೆ ಇಟ್ಟೆ. ಪರಿಮಳದ ಎಣ್ಣೆ ಹಾಕಲಿಲ್ಲ. ಟೀ ಟ್ರೀ, ಪೆಪ್ಪರ್‌ಮಿಂಟ್ ಹಾಕುವವರು ತುಂಬಾ ಜನ, ಆದರೆ ನನಗೆ ವಾಸನೆ ಮುಚ್ಚಿಡೋದು ಬೇಕಿರಲಿಲ್ಲ. ವಾಸನೆ ಬಂದರೆ ನನಗೆ ಗೊತ್ತಾಗಬೇಕು.

ಗಾಜಿನ ತಟ್ಟೆ ಪರೀಕ್ಷೆ ಒಂದು ಮಾಡಿದೆ. ಹಳೆ ಸೋಪು, ಹೊಸ ಸೋಪು, ಎರಡನ್ನೂ ಒದ್ದೆ ಗಾಜಿನ ಮೇಲೆ ಉಜ್ಜಿ, ನಲ್ಲಿ ನೀರಿನಲ್ಲಿ ಅರ್ಧ ನಿಮಿಷ ತೊಳೆದು ಒಣಗಿಸಿದೆ. ಹಳೆಯದರ ಕಡೆ ಮಂಜು ಕವಿದ ಹಾಗೆ, ಬೆರಳಾಡಿಸಿದರೆ ಗೀರು ಬೀಳ್ತಿತ್ತು. ಹೊಸದರ ಕಡೆ ತೆಳುವಾದ ಒಂದು ಛಾಯೆ ಅಷ್ಟೆ. ಪೂರ್ತಿ ಸ್ವಚ್ಛ ಅಲ್ಲ. ಅಂಗಡಿಯಿಂದ ತಂದ ಯಾವ ಸೋಪಿಗೂ ಈ ಪರೀಕ್ಷೆ ಐದು ನಿಮಿಷದಲ್ಲಿ ಆಗುತ್ತೆ, ತಲೆಗೆ ಹಚ್ಚುವ ಮುಂಚೆ ಮಾಡಿ ನೋಡಿ.

ತೊಳೆಯೋ ರೀತಿ, ಈಗಿನದು

ಸೋಪಿನ ತುಂಡನ್ನು ಜಟೆಗೆ ನೇರವಾಗಿ ಉಜ್ಜೋದು ಬಿಟ್ಟೆ. ಉಜ್ಜಿದರೆ ಚೂರುಗಳು ಒಳಗೆ ಸಿಕ್ಕಿಕೊಳ್ಳುತ್ತವೆ, ಜಟೆಯ ಮೇಲ್ಮೈ ಕೂಡ ಎದ್ದು ಗುಂಗುರಾಗುತ್ತೆ. 10 ಗ್ರಾಂ ಸೋಪು ತುರಿದು ಅರ್ಧ ಲೀಟರ್ ಬಿಸಿ ನೀರಿನಲ್ಲಿ ಕರಗಿಸಿ, ಚೂಪು ಮೂತಿಯ ಬಾಟಲಿಗೆ ತುಂಬಿ, ಉಗುರುಬೆಚ್ಚಗಿರುವಾಗಲೇ ಬಳಸ್ತೀನಿ. ಉಳಿದದ್ದನ್ನು ನಾಳೆಗೆ ಅಂತ ಇಟ್ಟರೆ ಲೋಳೆಯಾಗುತ್ತೆ, ಒಮ್ಮೆ ಇಟ್ಟು ನೋಡಿದ್ದೀನಿ, ನೋಡಲು ಚೆನ್ನಾಗಿರಲಿಲ್ಲ.

ಜಟೆಗಳನ್ನು ಮೊದಲು ಪೂರ್ತಿ ನೆನೆಸಬೇಕು. ಆಮೇಲೆ ಬಾಟಲಿಯ ಮೂತಿಯನ್ನು ಬೈತಲೆಗಳ ಉದ್ದಕ್ಕೆ ಎಳೆದು, ಬೆರಳ ತುದಿಯಲ್ಲಿ ನೆತ್ತಿ ಉಜ್ಜಬೇಕು. ಜಟೆಗೆ ಬೇರೆ ಸೋಪು ಬೇಡ, ಮೇಲಿಂದ ಇಳಿದು ಬರುವ ನೊರೆಯನ್ನೇ ಹಿಡಿದು ಒಂದೊಂದನ್ನೂ ಸ್ಪಂಜಿನ ಹಾಗೆ ಹಿಂಡಿದರೆ ಸಾಕು. ಇದಕ್ಕೆ ಐದು ನಿಮಿಷ. ಬಿಡಿಸಿ ತೊಳೆಯೋಕೆ ಹದಿನೈದು. ಮೊದಲು ಇದು ಉಲ್ಟಾ ಇತ್ತು, ನೊರೆ ಆಡೋದು ಹದಿನೈದು, ತೊಳೆಯೋದು ಐದು.

ಸೋಪು ಹೋಯ್ತಾ ಅಂತ ಕಣ್ಣಿಗೆ ಕಾಣಲ್ಲ. ಅದಕ್ಕೆ ಒಂದು ಉಪಾಯ ಮಾಡಿಕೊಂಡಿದ್ದೀನಿ. ಅತಿ ದಪ್ಪದ ಜಟೆಯನ್ನು ಒಂದು ಮಗ್ ಡಿಸ್ಟಿಲ್ಡ್ ವಾಟರಿನಲ್ಲಿ ಅದ್ದಿ ಹಿಂಡಿ, ಆ ನೀರನ್ನು ಸಣ್ಣ ಬಾಟಲಿಗೆ ಹಾಕಿ ಅಲುಗಿಸ್ತೀನಿ. ನೊರೆ ನಿಂತರೆ ಇನ್ನೊಂದು ಸುತ್ತು. ನಲ್ಲಿ ನೀರಿನಲ್ಲಿ ಈ ಪರೀಕ್ಷೆ ಕೈಕೊಡುತ್ತೆ, ಗಡಸು ನೀರು ನೊರೆಯನ್ನು ಕೊಂದುಬಿಡುತ್ತೆ, ಸೋಪಿಲ್ಲ ಅಂತ ಮೋಸ ಹೋಗ್ತೀರಿ.

ವಿನೆಗರ್ ಇದಾದ ಮೇಲೆ ಮಾತ್ರ, ಒಂದು ಲೀಟರ್ ನೀರಿಗೆ 30 ಮಿಲಿ. ಒಂದು ದಿನ ಅವಸರಕ್ಕೆ ಸೋಪು ಪೂರ್ತಿ ಹೋಗುವ ಮುಂಚೆಯೇ ವಿನೆಗರ್ ನೀರು ಸುರಿದೆ. ಜಟೆಗಳೆಲ್ಲ ಕ್ಷಣದಲ್ಲಿ ಮೇಣ ಹಚ್ಚಿದ ಹಾಗೆ ಅಂಟಂಟು. ಉಳಿದಿದ್ದ ಸೋಪನ್ನು ಆಮ್ಲ ಒಡೆದು ಕೊಬ್ಬಿನಾಮ್ಲ ಮಾಡಿತ್ತು, ಅಂದರೆ ನಾನೇ ಕೂತು ಜಿಡ್ಡು ತಯಾರಿಸಿದ್ದೆ. ಪೂರ್ತಿ ಮತ್ತೆ ತೊಳೆಯಬೇಕಾಯ್ತು. ನೀರು ಮುಗೀತು ಅಂತ ಮನೆಯವರ ಹತ್ತಿರ ಬೈಸಿಕೊಂಡಿದ್ದು ಬೇರೆ.

ಒಣಗಿಸೋದು ತೊಳೆಯೋದಕ್ಕಿಂತ ದೊಡ್ಡ ಕೆಲಸ. ಬೆಳಿಗ್ಗೆಯೇ ತೊಳೀತೀನಿ, ರಾತ್ರಿ ಯಾವತ್ತೂ ಇಲ್ಲ. ಟವೆಲ್ಲಿನಲ್ಲಿ ಸುತ್ತಿ ಹಿಂಡಿ, ಫ್ಯಾನ್ ಕೆಳಗೆ ಬಿಡಿಯಾಗಿ ಹರಡ್ತೀನಿ. ಹೊರಗೆ ಒಣಗಿದ ಹಾಗಿದ್ದರೂ ನಂಬಬಾರದು. ದಪ್ಪ ಜಟೆಯ ಸುತ್ತ ಟಿಶ್ಯೂ ಪೇಪರ್ ಸುತ್ತಿ ಬಲವಾಗಿ ಒತ್ತಿ ನೋಡಿ, ಪೇಪರ್ ಒದ್ದೆಯಾದರೆ ಟೋಪಿ ಹಾಕಬೇಡಿ, ಮಲಗಬೇಡಿ. ಜಿಡ್ಡು ಇದ್ದಾಗ ನನಗೆ ಒಣಗೋಕೆ ಮಾರನೇ ಬೆಳಗಾಗ್ತಿತ್ತು. ಈಗ ಸಂಜೆಯ ಹೊತ್ತಿಗೆ ಮುಗಿಯುತ್ತೆ.

ಈಗಿನ ಸ್ಥಿತಿ

ಹೊಸ ಸೋಪಿನಲ್ಲಿ ಒಂಬತ್ತು ಸಲ ತೊಳೆದಿದ್ದೀನಿ. ನೆತ್ತಿ ಸುಮ್ಮನಿದೆ. ಜಟೆಗಳು ಹಗುರ, ಸ್ವಲ್ಪ ಬಿಗಿಯೂ ಆಗಿವೆ. ಹಿಂದಲೆಯ ಎರಡು ಮಾತ್ರ ಇನ್ನೂ ಮೊಂಡು ಹಿಡಿದಿವೆ, ಅಲುಗಿಸಿದರೆ ತೂಕ ಗೊತ್ತಾಗುತ್ತೆ, ಅವಕ್ಕೆ ಇನ್ನೊಂದು ಸುತ್ತು ವಿನೆಗರ್ ಸ್ನಾನ ಇದೆ. ಮುಂದಿನ ಸಲ ಕಾಸ್ಟಿಕ್ ಸೋಡಾ ಬದಲು ಕಾಸ್ಟಿಕ್ ಪೊಟ್ಯಾಷ್ ಹಾಕಿ ದ್ರವ ಸೋಪು ಮಾಡಬೇಕು, ತುರಿಯುವ ಕೆಲಸ ತಪ್ಪುತ್ತೆ.

ಕತ್ತರಿಸಿದ ಜಟೆಯ ಮೊಂಡು ತುದಿಯನ್ನು 0.75 ಮಿಲಿಮೀಟರ್ ಕ್ರೋಶಾ ಕಡ್ಡಿಯಲ್ಲಿ ಬಿಡಿ ಕೂದಲನ್ನು ಒಳಗೆ ಎಳೆದೆಳೆದು ದುಂಡಗೆ ಮುಚ್ಚಿದೆ. ಅಕ್ಕ ಬಂದು ಮೂಸಿ ನೋಡಿದಳು. "ಈಗ ಏನೂ ವಾಸನೆ ಇಲ್ಲ ಬಿಡು. ಆದ್ರೆ ಇದೊಂದು ಗಿಡ್ಡ ಆಗಿದೆಯಲ್ಲೋ?" ಅಂದಳು.